ಆಷಾಢದಲ್ಲಿ ನಿಂತ ಮ್ಯಾಚು

ಮದುವೆಯಾಗಿ ಎರಡು ತಿಂಗಳು ತುಂಬುವಷ್ಟರಲ್ಲಿ ಕೆಂಪರಾಜುವಿನ ಪಾಲಿಗೆ ಹಾಳು ಆಷಾಢ ಬಂದು ವಕ್ಕರಿಸಿತು. ಹೆಂಡತಿ ಹೇಮಶ್ರೀಯನ್ನು ಅವಳಪ್ಪ ದೊಡ್ಡಬೀರಯ್ಯ ಮಳವಳ್ಳಿಗೆ ಕರೆದುಕೊಂಡು ಹೋದರು. ಮಂಡ್ಯದ ಒಂಟಿಕೋಣೆಯ ಬಾಡಿಗೆ ಮನೆಯಲ್ಲಿ ನವವಿವಾಹಿತ ಒಬ್ಬನೇ ಉಳಿದ. (ವಿರಹಿಗಳು ಚಂದ್ರನನ್ನು ಬೈಯುತ್ತಾರಂತೆ, ಇವನು ಪಂಚಾಂಗವನ್ನು ಬೈದ.)

ಇದರ ಮೇಲೆ ಕಚೇರಿಯ ಗೆಳೆಯರ ಕಾಟ ಬೇರೆ. "ಏನ್ಲಾ, ಮ್ಯಾಚ್ ಅರ್ಧಕ್ಕೇ ನಿಂತೋಯ್ತಾ?" ಅಂದ ಶಿವಣ್ಣ, ಟೀ ಕುಡಿಯುತ್ತಾ. ಜನ್ಮದಲ್ಲಿ ಬ್ಯಾಟು ಮುಟ್ಟದ ಕೆಂಪರಾಜು, "ಎಲ್ಲಿ? ಯಾವ ಮ್ಯಾಚು?" ಎಂದು ಕೇಳಿಬಿಟ್ಟ. ನಕ್ಕೂ ನಕ್ಕೂ ಒಬ್ಬನ ಮೂಗಿನಿಂದ ಟೀ ಬಂತು. ಗಂಡಹೆಂಡಿರ ಏಕಾಂತಕ್ಕೆ ಹುಡುಗರು ಕಟ್ಟಿರುವ ಸಹಸ್ರನಾಮ ಇದು ಎಂದು ಶಿವಣ್ಣನೇ ಆಮೇಲೆ ಬಿಡಿಸಿ ಹೇಳಿದ. ಪಿಚ್ಚು, ಓಪನಿಂಗು, ಇನ್ನಿಂಗ್ಸು, ಒಂದೊಂದರ ಅರ್ಥ ಕೇಳಿ ಕೆಂಪರಾಜುವಿನ ಕಿವಿ ಬಿಸಿಯಾಯಿತು, ತಲೆ ಗೊಜ್ಜಾಯಿತು. ಆದರೂ ಒಂದು ದಿವ್ಯ ಉಪಾಯ ಹೊಳೆಯಿತು. ಈ ಭಾಷೆಯಲ್ಲಾದರೆ ಮಾವನ ಎದುರಿಗೇ ಹೇಮಳನ್ನು ಮಂಡ್ಯಕ್ಕೆ ಕರೆಯಬಹುದಲ್ಲ!

ಭಾನುವಾರ ಮಳವಳ್ಳಿ ಬಸ್ಸು ಹತ್ತಿಯೇಬಿಟ್ಟ. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರದು. ಹಾಗಾಗಿ ಜಗಲಿಯ ಮೇಲೆಯೇ ಚಾಪೆ ಹಾಸಿದರು. ಪಕ್ಕದಲ್ಲಿ ಮಾವ. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಮಾವನ ತಾಯಿ ಪಟ್ಟಲಮ್ಮ. ಬಾಗಿಲಲ್ಲಿ ಹೇಮ.

ಕೆಂಪರಾಜು ಗಂಟಲು ಸರಿಮಾಡಿಕೊಂಡ. "ಮಂಡ್ಯದಲ್ಲಿ ಪಿಚ್ ರೆಡಿಯಾಗ್ಯದೆ ಕಣಮ್ಮಿ."

ಹೇಮ ಕಣ್ಣು ಬಿಟ್ಟಳು. ಬೇಡವೆಂದು ತಲೆ ಆಡಿಸಿದಳು. ಪಾಪ, ಅರ್ಥವಾಗಲಿಲ್ಲವೇನೋ ಎಂದುಕೊಂಡ ಇವನು ಇನ್ನೂ ಗಟ್ಟಿಯಾಗಿ, "ಜೋಡಿ ಇಲ್ದೆ ಒಬ್ನೇ ಎಷ್ಟ್ ದಿನ ಕುಂತಿರ್ಲಿ? ಒಂದು ರೈಡಾದ್ರೂ..." ಅಂದ. ಗಾಬರಿಯಲ್ಲಿ ಕ್ರಿಕೆಟ್ಟಿನೊಳಕ್ಕೆ ಕಬಡ್ಡಿ ನುಗ್ಗಿತ್ತು.

"ಅಳಿಯಂದ್ರು ಯಾವ ಟೀಮ್ನಾಗೆ ಆಡ್ತೀರಿ?" ಎಂದರು ಮಾವ.

ಪಟ್ಟಲಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ಲೇ ಬೀರಾ, ನಿಂಗೇನ್ಲಾ ಗೊತ್ತಾಯ್ತದೆ! ನಮ್ ಕಾಲ್ದಲ್ಲಿ ಗಂಡಸ್ರು ಇದನ್ನೇ ಕುಸ್ತಿ ಅಂತಿದ್ರು. ನಿಮ್ಮಪ್ಪನೂ ಆಸಾಡದಲ್ಲಿ ನನ್ ತೌರ್ಮನೆ ಜಗ್ಲಿ ಮ್ಯಾಲೆ ಕುಂತು ಅಖಾಡ ಅಣಿಯಾಗ್ಯದೆ ಅಂತ ಕೂಗಿದ್ದ. ಈ ಹೈದ ಎಡ್ತೀನ ಕರೀತಾವ್ನೆ ಕಣ್ಲಾ! ಈಗ ಬಸುರಾದ್ರೆ ಚೈತ್ರದ ಬಿಸ್ಲಲ್ಲಿ ಬಾಣಂತನ ಯಾರ್ ಮಾಡೋರು?"

ಒಳಗೆ ಅತ್ತೆ ಕಿಸಕ್ಕನೆ ನಕ್ಕರು. ಮಾವ ಮಾಡಿನ ಹೆಂಚು ಎಣಿಸತೊಡಗಿದರು. ಕೆಂಪರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೇಮ ನೀರು ಕೊಡುವ ನೆಪದಲ್ಲಿ ಬಗ್ಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಾಳೆಯಿಂದ ಮಂಡ್ಯದಲ್ಲಿ ಬಿ.ಎಡ್. ಪರೀಕ್ಷೆ. ಐದು ದಿನ ಗೆಳತಿ ಮನೇಲಿರ್ತೀನಿ ಅಂತ ಅಪ್ಪನ್ನ ಒಪ್ಸಿದ್ದೆ. ಹೇಳ್ದೆ ಬಂದು ನಿಮ್ಮ ಬಾಗ್ಲು ತಟ್ಟಾಣ ಅಂತಿದ್ದೆ. ಎಲ್ಲಾ ಕೆಡಿಸ್ಬುಟ್ರಲ್ಲ!"

ಕೆಂಪರಾಜುವಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಪಟ್ಟಲಮ್ಮ ತನ್ನ ಸೀರೆಗಳ ಗಂಟು ಕಟ್ಟಲು ಎದ್ದಿದ್ದಳು. "ಗೆಳತಿ ಮನೆ ಯಾಕಮ್ಮಿ? ಗಂಡನ ಮನೇಲೇ ಇದ್ದು ಪರೀಕ್ಸೆ ಬರಿ. ನಡುವೆ ನಾನಿದ್ರೆ ಆಯ್ತಲ್ಲ!"

ಐದು ದಿನ ಕೋಣೆಯಲ್ಲಿ ಹೇಮ ಓದಿದಳು, ಅಜ್ಜಿ ಕಾವಲು ಕೂತಳು. ಬಾಡಿಗೆ ಕಟ್ಟುವ ಯಜಮಾನ ಕೆಂಪರಾಜು ಮೆಟ್ಟಿಲ ಕೆಳಗೆ ಮಲಗಿ ಸೊಳ್ಳೆ ಹೊಡೆದ. ಶುಕ್ರವಾರ ಬಸ್ಸು ಹತ್ತುವಾಗ ಅಜ್ಜಿ ಅವನ ಬೆನ್ನು ಸವರಿದಳು.

"ನಿನ್ ಮನೆ ಬೋ ಇಡಿಸ್ತು ಕಣಪ್ಪ. ಸ್ರಾವಣದಲ್ಲಿ ಇವಳನ್ನ ಬುಡಾಕೂ ನಾನೇ ಬತ್ತೀನಿ. ಒಂದ್ ತಿಂಗ್ಳು ಇದ್ದೇ ಓಯ್ತೀನಿ."