ಎರವಲು ಸೋಫಾ

ಎಲ್ಲಕ್ಕೂ ಮೂಲ ಒಂದು ಅಂಚೆ ಕಾರ್ಡು. ಶಿರಾದ ತಾಲ್ಲೂಕು ಕಚೇರಿಯ ಗುಮಾಸ್ತ ವೆಂಕಟರಾಮಯ್ಯನವರು ಮಗಳ ಜಾತಕ ಕಳಿಸಿ ಸುಮ್ಮನಿರಲಾರದೆ, ಮಧುಗಿರಿಯ ಗಂಡಿನ ಕಡೆಯವರಿಗೆ, "ನಮ್ಮದು ಹೊಸ ಫ್ಯಾಷನ್ನಿನ ಮನೆ. ಸೋಫಾ, ರೇಡಿಯೋ, ಗೋಡೆ ಗಡಿಯಾರ ಎಲ್ಲಾ ಇವೆ" ಎಂದು ಕಾರ್ಡು ಗೀಚಿಬಿಟ್ಟಿದ್ದರು. ಪಡಸಾಲೆಯಲ್ಲಿ ನಿಜಕ್ಕೂ ಇದ್ದದ್ದು ಒಂದು ಈಚಲು ಚಾಪೆ, ಕಾಲು ಸಡಿಲವಾದ ಒಂದು ಸ್ಟೂಲು. "ಗುರುವಾರ ಹುಡುಗಿ ನೋಡಲು ಬರುತ್ತೇವೆ" ಎಂದು ಉತ್ತರ ಬಂದಾಗ ಅವರು ಆ ಕಾರ್ಡನ್ನು ಹೆಂಡತಿಯ ಮುಂದಿಟ್ಟರು.

"ಹುಡುಗ ಚಿನ್ನದಂಥೋನು. ನಿಮ್ಮ ಬಡಾಯಿಯಿಂದ ಈ ಸಂಬಂಧ ತಪ್ಪಿದ್ರೆ ನಾನು ಸುಮ್ನಿರೋಳಲ್ಲ" ಎಂದರು ಹೆಂಡತಿ ಜಗದಾಂಬ.

ಗುರುವಾರ ಬೆಳಗಾಗುತ್ತಲೇ ಎರವಲಿನ ಮೆರವಣಿಗೆ ಶುರುವಾಯಿತು. ಮರಗೆಲಸದ ಬಾಷಾ ಸಾಬರು ಅಂಗಡಿಯ ಸೋಫಾ ಹೊರಿಸಿ ತಂದರು. ಪಕ್ಕದ ಮನೆಯ ಶಿವರುದ್ರಮ್ಮ ರೇಡಿಯೋ ತಂದರು. ಕಡಲೆಕಾಯಿ ಮಂಡಿಯ ಅಡವಯ್ಯ ಗಡಿಯಾರ ತಂದು ತಾನೇ ಮೊಳೆ ಹೊಡೆದ. ಪಕ್ಕದಲ್ಲೇ ತಟ್ಟೆಯಗಲ ಗಾರೆ ಉದುರಿತು. ಅದರ ಮೇಲೆ ಕ್ಯಾಲೆಂಡರು ಮುಚ್ಚಿದ್ದಾಯಿತು. ಇದು ತಮ್ಮದೇ ಮನೆಯೇ ಎಂದು ವೆಂಕಟರಾಮಯ್ಯನವರಿಗೇ ಅನುಮಾನ ಬಂತು.

ಆದರೆ ಕೊಟ್ಟವರು ಯಾರೂ ಮನೆಗೆ ಹೋಗಲಿಲ್ಲ.

"ಹೊಸಾ ಮಾಲು ಸ್ವಾಮಿ, ಬಹಳ ನಾಜೂಕು. ನಾನಿಲ್ಲೇ ಇರ್ತೀನಿ" ಎಂದು ಬಾಷಾ ಸಾಬರು ಸೋಫಾದ ನಟ್ಟನಡುವೆ ಕುಳಿತರು.

"ಕಂಡೋರ್ ಕೈಗೆ ಇದರ ಕಿವಿ ತಿರುಗ್ಸಕ್ಕೆ ಬುಡಾಕಿಲ್ಲ ಕಣಮ್ಮ" ಎಂದು ಜಗದಾಂಬನವರಿಗೆ ಹೇಳಿ ಶಿವರುದ್ರಮ್ಮ ರೇಡಿಯೋ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತರು. ಅಡವಯ್ಯ ಕೀಲಿ ಹಿಡಿದು ಗಡಿಯಾರದ ಕೆಳಗೆ ಪೊಲೀಸನಂತೆ ನಿಂತ.

ಹನ್ನೊಂದಕ್ಕೆ ಗಂಡಿನ ತಂದೆ ಚಂದ್ರಶೇಖರಯ್ಯನವರು ಹೆಂಡತಿ, ಮಗನೊಂದಿಗೆ ಬಂದರು. ಸೋಫಾದಿಂದ ಬಾಷಾ ಸಾಬರು ಅಲುಗಲಿಲ್ಲ. ನೆಂಟರು ಚಾಪೆಯ ಮೇಲೆ ಕುಳಿತರು.

"ಇವರೆಲ್ಲಾ ಯಾರು?" ಎಂದು ಕೇಳಿದರು ಚಂದ್ರಶೇಖರಯ್ಯನವರು.

"ನಮ್ಮ... ಮನೆಯವರಿದ್ದ ಹಾಗೇನೇ" ಎಂದು ವೆಂಕಟರಾಮಯ್ಯನವರು ಬೆವರು ಒರೆಸಿಕೊಂಡರು.

ಚಂದ್ರಶೇಖರಯ್ಯನವರು ವಾರ್ತೆ ಕೇಳೋಣವೆಂದು ರೇಡಿಯೋದತ್ತ ಕೈ ಚಾಚಿದರು. "ಮುಟ್ಬ್ಯಾಡ್ರೀ!" ಎಂದು ಶಿವರುದ್ರಮ್ಮ ಗದರಿದರು. ಹುಡುಗಿ ಕಾಫಿ ತಂದಳು. "ಯಾ ಅಲ್ಲಾ! ಸೋಫಾ ಹತ್ರ ಹುಷಾರು ಬೇಟಿ, ಒಂದು ತೊಟ್ಟೂ ಚೆಲ್ಲಬಾರ್ದು!" ಎಂದು ಬಾಷಾ ಸಾಬರು ಕೂಗಿದರು. ಅದೇ ಹೊತ್ತಿಗೆ ಗಡಿಯಾರ ನಿಂತಿತು.

"ಗ್ವಾಡೇನೇ ಸೊಟ್ಟಕ್ಕೈತೆ ಸ್ವಾಮಿ, ಅದು ಹೆಂಗೆ ಓಡ್ತದೆ?" ಎನ್ನುತ್ತಾ ಅಡವಯ್ಯ ಸ್ಟೂಲು ಹತ್ತಿದ. ಸಡಿಲ ಕಾಲು ಕೈಕೊಟ್ಟಿತು. ಆಸರೆಗೆ ಸಿಕ್ಕ ಕ್ಯಾಲೆಂಡರನ್ನೂ ಕಿತ್ತುಕೊಂಡು ಅಡವಯ್ಯ ಗಂಡಿನ ತೊಡೆಯ ಮೇಲೆ ಬಂದು ಕುಳಿತ. ಗಾರೆ ಉದುರಿದ ಜಾಗ ಎಲ್ಲರಿಗೂ ಕಂಡಿತು. ಹುಡುಗಿ ತಡೆಯಲಾರದೆ ನಕ್ಕುಬಿಟ್ಟಳು.

ಚಂದ್ರಶೇಖರಯ್ಯನವರು ಎದ್ದು ವೆಂಕಟರಾಮಯ್ಯನವರನ್ನು ಹಿತ್ತಲಿಗೆ ಕರೆದರು. ಸಂಬಂಧ ಮುರಿಯಿತು ಎಂದುಕೊಂಡೇ ಇವರು ಹಿಂದೆ ಹೋದರು.

"ನಿಮ್ಮ ಮಗಳು ನಕ್ಕಳಲ್ಲ, ನಮ್ಮ ಹುಡುಗ ಆಗಲೇ ಒಪ್ಪಿದ. ನಮಗೂ ಒಪ್ಪಿಗೆ."

ವೆಂಕಟರಾಮಯ್ಯನವರು ಬಾವಿಕಟ್ಟೆಯ ಮೇಲೆ ಕುಸಿದು ಕುಳಿತರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕಣ್ಣಲ್ಲಿ ನೀರೇ ಬಂತು.

"ಒಂದು ಉಪಕಾರ ಆಗ್ಬೇಕು" ಎಂದು ಚಂದ್ರಶೇಖರಯ್ಯನವರು ದನಿ ತಗ್ಗಿಸಿದರು. "ಭಾನುವಾರ ನನ್ನ ಮಗಳನ್ನ ನೋಡೋಕೆ ಕೊರಟಗೆರೆಯಿಂದ ಬರ್ತಾರೆ. ನಾನೂ ಹೀಗೇ ಒಂದು ಕಾರ್ಡು ಬರೆದುಬಿಟ್ಟಿದ್ದೀನಿ. ಆ ಸೋಫಾ, ರೇಡಿಯೋ, ಗಡಿಯಾರ ಮೂರನ್ನೂ ಮಧುಗಿರಿಗೆ ಕಳಿಸಿಕೊಡಿ."

"ಅದು... ಅವು ಏನಂದ್ರೆ..."

"ಗೊತ್ತು ಬಿಡಿ ಬೀಗರೇ. ಆ ಮೂರು ಜನಕ್ಕೂ ಊಟಕ್ಕೆ ಏರ್ಪಾಡು ಮಾಡಿರ್ತೀನಿ. ಅವರನ್ನ ಒಪ್ಪಿಸೋದು ಮಾತ್ರ ನಿಮ್ಮ ಜವಾಬ್ದಾರಿ."

ಒಳಗೆ ಬಾಷಾ ಸಾಬರು, ಇನ್ನು ಈ ಜನ್ಮದಲ್ಲಿ ಯಾರಿಗೂ ಸೋಫಾ ಎರವಲು ಕೊಡುವುದಿಲ್ಲವೆಂದು ಅಡವಯ್ಯನ ಮುಂದೆ ಆಣೆ ಇಡುತ್ತಿದ್ದರು.