ತೋಳಿನಾಗಿನ ನಳಿಗಿ

ಔಷಧದ ಪೆಟ್ಟಿಗಿ ಹಿಡಕೊಂಡು ಮನಿಮನಿಗೆ ಹೋಗೂ ನರ್ಸಿಗೆ ವಾರಕ್ಕೊಂದರ ಫಜೀತಿ ಆಗೂದ. ಎಪ್ಪತ್ತರ ದಶಕದ ಕಡೀ ವರ್ಷಗಳು ಅವು. ನಮ್ಮ ವಿಜಾಪುರದ ಡಾಕ್ಟರು ಮುಂಬೈದಾಗ ಹೊಸಾ ವಿದ್ಯೆ ಕಲತು ಬಂದಿದ್ರು. ಹೃದಯಕ್ಕ ನಂಜು ಏರಿದವರಿಗೆ ದಿನಾ ಚುಚ್ಚೂದು ಬ್ಯಾಡಂತ, ತೋಳಿನ ರಕ್ತನಾಳದಾಗ ಸಣ್ಣ ನಳಿಗಿ ಇಟ್ಟು ಮನಿಗೆ ಕಳಸ್ತಿದ್ರು. ಅದರಾಗ ವಾರಗಟ್ಟಲೆ ಔಷಧ ಹಾಕೂದು, ಅದನ್ನ ಸ್ವಚ್ಛ ಇಡೂದು ನನ್ನ ಕೆಲಸ. ಹೊಲಸು ತಾಗಿದ್ರ ಜೀವಕ್ಕ ಕುತ್ತು.

ಚೀಟಿ ಸ್ನಾನ

ಜಲನಗರದ ಒಬ್ಬ ಕ್ಲರ್ಕ್ ಸಾಹೇಬ್ರಿಗೆ "ನಳಿಗಿಗೆ ನೀರು ತಾಗಬಾರದು, ನೋಡ್ರಿ" ಅಂದಿದ್ದೆ. ಹತ್ತು ದಿನದ ಮ್ಯಾಲ ಅವರ ಹೆಂಡತಿ ಮೂಗಿಗೆ ಸೆರಗು ಹಿಡಿದು ಬಾಗಿಲಾಗ ನಿಂತಿದ್ರು.

"ಸಿಸ್ಟರ್, ಇವರು ಮುಖಾನೂ ತೊಳಕೊಂಡಿಲ್ರಿ. ನಾ ಹೇಳಿದ್ರ ಕೇಳೂದಿಲ್ಲ, ದವಾಖಾನಿ ಚೀಟೀನ ಬೇಕಂತ!"

ತೋಳಿಗೆ ಪ್ಲಾಸ್ಟಿಕ್ ಸುತ್ತೂದು ತೋರಿಸಿ, ಚೀಟಿ ಬರದು ಕೊಟ್ಟೆ: 'ಸ್ನಾನ, ದಿನಕ್ಕೆ ಒಂದು ಸಲ.'

ಸಾಹೇಬ್ರು ಚಷ್ಮಾ ಏರಿಸಿ ಎರಡು ಸಲ ಓದಿದ್ರು. ಆಮ್ಯಾಲ ಕೇಳಿದ್ರು: "ಊಟಕ್ಕ ಮೊದಲೋ, ಊಟ ಆದ ಮ್ಯಾಲೋ?"

ಉಗುರು

ಘೋಣಸಗಿಯಾಗ ಕುರಿ ಕಾಯೂ ಒಬ್ಬಾತಗ ನಳಿಗಿ ಇತ್ತು. ಅವನ ಹೆಂಡತಿಗೆ ಹೇಳಿದ್ದೆ: "ಕೈ ತೊಳೀದವರನ್ನ ಹತ್ರ ಬಿಡಬ್ಯಾಡ."

"ಯಾರ ಬಂದ್ರೂ?"

"ಯಾರ ಬಂದ್ರೂ!"

ಒಂದಿನ ಡಾಕ್ಟರೇ ನನ್ನ ಕೂಡ ಜೀಪಿನಾಗ ಬಂದ್ರು. ಆಕಿ ಹೊಸ್ತಿಲಕ್ಕ ಅಡ್ಡ ನಿಂತು ಸಾಬೂನು ಕೊಟ್ಟಳು. ಪಾಪ, ತೊಳಕೊಂಡ್ರು. ಆಕಿ ಬೆರಳು ಹಿಡಿದು ನೋಡಿ, "ಯಪ್ಪಾ, ಉಗುರು ಬೆಳದಾವ್ರಿ" ಅಂದಳು. ಡಾಕ್ಟರು ನನ್ನ ಕಡೆ ನೋಡಿದ್ರು. ನಾ ಮ್ಯಾಲ ಮಾಳಿಗಿ ಜಂತಿ ನೋಡಿದೆ. ಅಷ್ಟರಾಗ ಆಕಿ ಒಳಗಿಂದ ಕುರಿ ಕೂದಲ ಕತ್ತರಸೂ ಮೊಳದುದ್ದದ ಕತ್ತರಿ ತಂದಳು.

"ಕೈ ಅಲಗ್ಯಾಡಸಬ್ಯಾಡ್ರಿ. ನಮ್ಮ ಟಗರೂ ಸುಮ್ಮನ ನಿಂದರತೈತಿ."

ಸುಳ್ಳು ನಳಿಗಿ

ಕಾಖಂಡಕಿಯ ಒಬ್ಬ ರೈತನ ಹೆಂಡತಿಗೆ ಮೊದಲನೇ ವಾರ ಜ್ವರಾನ ಇಳೀಲಿಲ್ಲ. ಗಂಡ ಹೊಲಾ ಬಿಟ್ಟು ಆಕಿ ಕಾಲ ಕಡೆ ಕುಂತಿರ್ತಿದ್ದ. "ನಳಿಗಿ ಇರೂ ಕೈಲೆ ರೊಟ್ಟಿ ಬಡಿಯೂ ಹಂಗಿಲ್ಲ" ಅಂದೆ. ಅವತ್ತಿಂದ ಆತನೇ ನೀರು ತಂದ, ರೊಟ್ಟಿ ಬಡದ, ಪಲ್ಯಾ ಮಾಡಿದ.

ಆರು ವಾರಕ್ಕ ಆಕಿ ಪೂರಾ ಆರಾಮಾದಳು. ನಳಿಗಿ ತಗದೆ. ಗಂಡ ಹಿತ್ತಲದಾಗ ಇದ್ದದ್ದು ನೋಡಿ ಆಕಿ ನನ್ನ ಕೈ ಹಿಡಿದಳು.

"ಅಕ್ಕಾರ, ಅದರಂಥಾದ್ದೊಂದು ಮ್ಯಾಲಿಂದ ಮ್ಯಾಲ ಅಂಟಿಸಿ ಹೋಗ್ರಿ. ಹದಿನೈದು ದಿನಾ ಸಾಕು. ಲಗ್ನ ಆದಾಗಿಂದ ಒಬ್ಬರು ನೀಡಿ, ನಾ ಕುಂತು ಉಂಡದ್ದ ಇಲ್ಲರಿ."

ಪೆಟ್ಟಿಗ್ಯಾಗಿನ ಹೊಸಾ ನಳಿಗಿ ತುಂಡೊಂದನ್ನ ತೊಗಲಿನ ಮ್ಯಾಲ ಪಟ್ಟಿ ಹಚ್ಚಿ ಅಂಟಿಸಿದೆ.

ವಾರ ಬಿಟ್ಟು ನೋಡಾಕ ಹೋದಾಗ, ಗಂಡ ನನ್ನ ಬಸ್ಸಿನ ತನಕ ಕಳಸಾಕ ಬಂದ.

"ಅಕ್ಕಾರ, ಮೊನ್ನೆ ಮಧ್ಯಾಹ್ನ ಆಕಿ ಮಲಗಿದ್ದಾಗ ಆ ನಳಿಗಿ ಕಳಚಿ ಬಿದ್ದಿತ್ರಿ. ತುದೀಗೆ ಹನಿ ರಕ್ತಿಲ್ಲ, ತೋಳಿಗೆ ತೂತಿಲ್ಲ."

ನಾ ನಡಿಯೂದು ನಿಲ್ಲಿಸಿದೆ. "ಮತ್ತ?"

"ಎಚ್ಚರಾಗದಂಗ ನಾನ ಅಂಟಿಸೀನಿ. ಆಕಿಗೆ ಹೇಳಬ್ಯಾಡ್ರಿ, ಎದ್ದು ಒಲಿ ಮುಂದ ಕುಂತಾಳು! ಇಪ್ಪತ್ತು ವರ್ಷ ಆಕಿ ಕೈ ಪಲ್ಯಾ ಉಂಡೀನಿ. ಇನ್ನರ ನನ್ನ ಬಾಯಿಗೆ ಒಂದೀಟು ರುಚಿ ಬ್ಯಾಡೇನ್ರಿ?"