ತೋಳದ ಪರ ವಕಾಲತ್ತು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಅಂಗೈ ಅಗಲದ ಒಂದು ಚೀಟಿ. ಮಗಳ ಶಾಲೆಯಿಂದ ಬಂದದ್ದು. ‘ಒಂದನೇ ತರಗತಿಯ ಮಕ್ಕಳಿಗೆ ಕತೆ ಹೇಳುವ ಸರದಿ ಈ ಸಲ ನಿಮ್ಮ ಮನೆಯದು. ಶುಕ್ರವಾರ ಮಧ್ಯಾಹ್ನ ಮನೆಯ ಹಿರಿಯರೊಬ್ಬರು ಬರಬೇಕು. ಬರುವವರು ಯಾರೆಂದು ಕೆಳಗಿನ ಗೆರೆಯ ಮೇಲೆ ಬರೆದು ಅವತ್ತು ಬೆಳಿಗ್ಗೆ ಕಳಿಸಿ’ ಎಂದು ಅದರಲ್ಲಿತ್ತು. ಗೆರೆಯ ಮೇಲೆ ಮಗಳು ಆಗಲೇ ಪೆನ್ಸಿಲ್ ಒತ್ತಿ ಒತ್ತಿ ಬರೆದುಬಿಟ್ಟಿದ್ದಳು: ಸಿಂಹದ ಮಾವ.

ಹಲ್ಲುಜ್ಜುತ್ತಲೇ ಅದನ್ನು ಓದಿದ ಅವಳ ಅಪ್ಪ ಬಾಯಲ್ಲಿದ್ದ ನೊರೆಯನ್ನು ಉಗುಳುವುದನ್ನೇ ಮರೆತ.

ಅವನನ್ನು ಬೀದಿಯವರೆಲ್ಲ ತೋಳಪ್ಪ ಎನ್ನುತ್ತಾರೆ. ನಾವೂ ಹಾಗೇ ಅನ್ನೋಣ. ಮಕ್ಕಳ ಕಾರ್ಟೂನ್ ತಯಾರಿಸುವ ಸ್ಟುಡಿಯೋದಲ್ಲಿ ಪಾತ್ರಗಳಿಗೆ ಧ್ವನಿ ಕೊಡುವುದು ಅವನ ಕಸುಬು. ಹದಿನೇಳು ವರ್ಷದಿಂದ ಕೊಟ್ಟದ್ದೆಲ್ಲ ತೋಳದ ಧ್ವನಿ. ಕುರಿಮರಿ ಕದಿಯುವ ತೋಳ, ತೊಟ್ಟಿಲು ಹೊತ್ತೊಯ್ಯುವ ತೋಳ, ಕಾಡಿಗೆ ಬೆಂಕಿ ಹಚ್ಚುವ ತೋಳ. ತೋಳಕ್ಕೆ ಬೆಂಕಿಪೊಟ್ಟಣ ಕೊಟ್ಟವರು ಯಾರು ಎಂದು ಇವತ್ತಿನವರೆಗೆ ಒಂದು ಮಗುವೂ ಕೇಳಿಲ್ಲ. ಕೊನೆಗೆ ಬಂಡೆಯಿಂದ ಬಿದ್ದು ಸಾಯುವುದು ಮಾತ್ರ ಎಲ್ಲದರಲ್ಲೂ ಇದ್ದದ್ದೇ.

ಸಿಂಹದ ಧ್ವನಿ ಅವನ ಭಾಮೈದನದು. ಕೆಲಸವಿಲ್ಲದೆ ಅಕ್ಕನ ಮನೆಯ ಸೋಫಾದ ಮೇಲೆ ಬಿದ್ದಿದ್ದವನನ್ನು ಕೈ ಹಿಡಿದು ಸ್ಟುಡಿಯೋಗೆ ಕರೆದುಕೊಂಡು ಹೋದವನು ತೋಳಪ್ಪನೇ. ತೋಳಪ್ಪ ವರ್ಷಗಟ್ಟಲೆ ಕೇಳಿಯೂ ಸಿಗದ ಪಾತ್ರ; ಹೋದ ಮೊದಲ ದಿನವೇ ಅವನು ಸಿಂಹರಾಜನಾದ. ಸೋಫಾವನ್ನು ಮಾತ್ರ ಬಿಡಲಿಲ್ಲ.

“ನಾನಿಲ್ವಾ ಪುಟ್ಟಿ? ನಾನೇ ಬಂದು ಹೇಳ್ತೀನಿ ಕತೆ,” ಎಂದ ತೋಳಪ್ಪ, ಬಾಯಿ ತೊಳೆದುಕೊಂಡು ಬಂದು.

ಮಗಳು ಹಾಲಿನ ಲೋಟದಿಂದ ಮುಖ ಎತ್ತಿದಳು. “ನೀನು ಬಂದ್ರೆ ಎಲ್ಲರೂ ಅಳ್ತಾರೆ ಅಪ್ಪ.”

“ಯಾಕೆ ಅಳ್ತಾರೆ?”

“ನೀನು ಮರಿ ತಿಂತೀಯಲ್ಲ.”

“ನಾನಲ್ಲ ತಿನ್ನೋದು, ತೋಳ!”

“ಅದೇ,” ಎಂದು ಮಗಳು ಮತ್ತೆ ಹಾಲಿಗೆ ಬಾಯಿ ಹಚ್ಚಿದಳು.

“ಮಗು ಆಸೆಪಟ್ಟಿದೆ, ಬಿಡಿ,” ಎಂದಳು ಹೆಂಡತಿ. “ಅವನೇನು ಹೊರಗಿನವನಾ? ನನ್ನ ತಮ್ಮ ತಾನೇ.”

ಹೊರಗಿನವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಸೋಫಾದ ಮೇಲಿದ್ದ ಭಾಮೈದ ಒಂದೇ ಕಣ್ಣು ತೆರೆದು, “ನಾಳೆ ಮಧ್ಯಾಹ್ನ ತಾನೇ? ಎದ್ದಿರ್ತೀನಿ ಬಿಡಕ್ಕ,” ಎಂದು ಅದನ್ನೂ ಮುಚ್ಚಿದ.

ತೋಳಪ್ಪನ ಹೊಟ್ಟೆ ಧಗಧಗ ಉರಿಯಿತು. ಅದು ಶುದ್ಧ ಹೊಟ್ಟೆಕಿಚ್ಚು. ಬೇರೆ ಹೆಸರು ಕೊಟ್ಟು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಲಗುವ ಮುಂಚೆ ಮಗಳಿಗೆ ಕತೆ ಹೇಳುವವನೂ ಆ ಮಾವನೇ. ಎರಡು ವರ್ಷದಿಂದ ತೋಳಪ್ಪ ಬಾಗಿಲ ಆಚೆ ನಿಂತು, ಮಗಳ ನಗುವನ್ನು ಕದ್ದು ಕೇಳಿಸಿಕೊಂಡು ಬರುತ್ತಿದ್ದಾನೆ.

ಮೆಟ್ಟಿಲಿಳಿಯುವಾಗ ಕೆಳಮನೆಯ ಅಜ್ಜಿ ಅಡ್ಡ ಹಾಕಿದರು. ಕಂಕುಳಲ್ಲಿ ಮೊಮ್ಮಗಳು, ಕೈಯಲ್ಲಿ ಬಟ್ಟಲು.

“ಬಂದ್ಯಾ ತೋಳಪ್ಪ? ಇವಳು ಬಾಯೇ ಬಿಡ್ತಿಲ್ಲ ಕಣಪ್ಪ. ಒಂದ್ಸಲ ಗುರ್ ಅನ್ನು.”

“ಅಜ್ಜಿ, ಬಸ್ಸಿಗೆ ಹೊತ್ತಾಯ್ತು.”

“ಒಂದೇ ಒಂದು ಗುರ್. ನಿನ್ನ ಗಂಟೇನು ಹೋಗುತ್ತೆ?”

ತೋಳಪ್ಪ ಗುರ್ ಎಂದ. ಮಗು ಕಿಟಾರನೆ ಚೀರಲು ಬಾಯಿ ತೆರೆಯಿತು. ಅಜ್ಜಿ ತುತ್ತು ತುರುಕಿದರು. ಬೆಳಿಗ್ಗೆ ಒಂದು, ಸಂಜೆ ಒಂದು, ವರ್ಷದಿಂದ ನಡೆದು ಬಂದ ಸೇವೆ ಇದು. “ನಿನ್ನ ಭಾಮೈದನ್ನ ಕೇಳೋಣ ಅಂದ್ರೆ, ಅವನ ದನಿಗೆ ಇವಳು ನಕ್ಕೊಂಡು ಕೂತುಬಿಡ್ತಾಳೆ. ನುಂಗೋದೇ ಇಲ್ಲ,” ಎಂದು ಅಜ್ಜಿ ಉರಿಯುವ ಹೊಟ್ಟೆಗೆ ಇನ್ನಷ್ಟು ಎಣ್ಣೆ ಸುರಿದು ಕಳಿಸಿದರು.

ಬಸ್ಸಿಳಿದವನು ನೇರವಾಗಿ ಸ್ಟುಡಿಯೋಗೆ ಹೋಗಲಿಲ್ಲ. ಪಕ್ಕದ ಗ್ರಂಥಾಲಯಕ್ಕೆ ನುಗ್ಗಿ, “ತೋಳದ ಬಗ್ಗೆ ಪುಸ್ತಕ ಇದ್ಯಾ?” ಎಂದ.

“ಮಕ್ಕಳ ಕಪಾಟಲ್ಲಿ ಹತ್ತಿಪ್ಪತ್ತು ಇವೆ ನೋಡಿ.”

“ಅವೆಲ್ಲ ಸುಳ್ಳು. ನಿಜ ಬರೆದಿರೋದು ಬೇಕು.”

ಗ್ರಂಥಪಾಲಕ ಅವನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಕೋಣೆಯಿಂದ ಕಾಡುಪ್ರಾಣಿಗಳ ಒಂದು ದಪ್ಪ ಪುಸ್ತಕ ತಂದು ಧೂಳು ಒರೆಸಿಕೊಟ್ಟ. ತೋಳಪ್ಪ ನಿಂತಲ್ಲೇ ಓದತೊಡಗಿದ. ತೋಳ ಸಾಮಾನ್ಯವಾಗಿ ಒಂದೇ ಸಂಗಾತಿಯೊಡನೆ ಬಾಳುತ್ತದಂತೆ. ಮನುಷ್ಯನ ವಾಸನೆ ಬಂದರೆ ಓಡಿ ಅವಿತುಕೊಳ್ಳುತ್ತದಂತೆ. ಮರಿಗಳನ್ನು ತಾಯಿ ಒಬ್ಬಳೇ ಸಾಕುವುದಿಲ್ಲ, ತಂದೆಯೂ ಸಾಕುತ್ತದೆ; ಮೈಲಿಗಟ್ಟಲೆ ದೂರದಿಂದ ಹೊಟ್ಟೆಯಲ್ಲೇ ಊಟ ಹೊತ್ತು ತಂದು ಮರಿಗಳ ಬಾಯಿಗಿಡುತ್ತದೆ. ತೋಳಪ್ಪ ಆ ಸಾಲನ್ನು ಇನ್ನೊಮ್ಮೆ ಓದಿದ. ಥೇಟ್ ನಾನೇ, ಅಂದುಕೊಂಡ. ಆಮೇಲೆ ಸಿಂಹದ ಅಧ್ಯಾಯಕ್ಕೆ ಬಂದು ಎರಡು ಪುಟ ಓದಿದ. ಅವನ ಮುಖ ಬೆಳಗಿತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಓಡಿದ.

ಅವತ್ತು ಹೊಸ ಧಾರಾವಾಹಿಯ ಮೊದಲ ಕಂತಿನ ರೆಕಾರ್ಡಿಂಗ್. ಅವರಲ್ಲಿ ಮೊದಲು ಧ್ವನಿ, ಆಮೇಲೆ ಚಿತ್ರ. ದನಿ ಕೇಳಿ ಅದಕ್ಕೆ ತಕ್ಕಂತೆ ಬಾಯಿ ಮೂತಿ ಬರೆಯುತ್ತಾರೆ. ಸ್ಪಂಜಿನ ಗೋಡೆಯ ಚಿಕ್ಕ ಕೋಣೆಯಲ್ಲಿ ಮೂರು ಮೈಕು. ಒಂದರ ಮುಂದೆ ಕುರಿಮರಿ ಅಕ್ಕ. ವಯಸ್ಸು ಐವತ್ತೈದಾದರೂ ಕಾರ್ಟೂನಿನ ಮರಿಗಳೆಲ್ಲ ಅವರ ಪಾಲಿನವೇ, ಬಿಡುವಾದಾಗಲೆಲ್ಲ ಸ್ವೆಟರ್ ಹೆಣೆಯುತ್ತಾರೆ. ಇನ್ನೊಂದರ ಮುಂದೆ ಆಕಳಿಸುತ್ತ ಭಾಮೈದ. ಗಾಜಿನ ಆಚೆ ನಿರ್ದೇಶಕಿ ಮೇಡಂ.

“ತೋಳ ದೊಡ್ಡಿಗೆ ನುಗ್ತು. ಶುರು ಮಾಡಿ,” ಎಂದರು ಮೇಡಂ.

“ಮ್ಯಾ... ಯಾರದು?” ಎಂದರು ಕುರಿಮರಿ ಅಕ್ಕ, ನಡುಗುವ ದನಿಯಲ್ಲಿ.

‘ನಿನ್ನ ಸಾವು! ಹಹ್ಹಹ್ಹಾ!’ ಎಂದು ಹಾಳೆಯಲ್ಲಿತ್ತು. ತೋಳಪ್ಪ ಗಂಟಲು ಸರಿಮಾಡಿಕೊಂಡು ಮೆತ್ತಗೆ, “ಭಯ ಪಡಬೇಡಮ್ಮ. ದಾರಿ ತಪ್ಪಿದ್ಯಾ? ಬಾ, ನಿಮ್ಮಮ್ಮನ ಹತ್ರ ಬಿಡ್ತೀನಿ,” ಎಂದ.

“ಆಯ್ತು ಮಾಮ,” ಎಂದುಬಿಟ್ಟರು ಕುರಿಮರಿ ಅಕ್ಕ, ಅಭ್ಯಾಸಬಲದಿಂದ.

“ನಿಲ್ಲೋ ದುಷ್ಟಾ!” ಎಂದು ಭಾಮೈದ ತನ್ನ ಸಾಲನ್ನು ಗರ್ಜಿಸಿದ. ಹಿಂದೆ ಏನಾಯಿತೆಂದು ಅವನು ಕೇಳಿಸಿಕೊಂಡೇ ಇರಲಿಲ್ಲ.

“ಯಾರಿಗೋ ದುಷ್ಟ ಅಂತೀಯ? ಮರಿನ ಮನೆಗೆ ಬಿಡೋಕೆ ಹೋಗ್ತಿದ್ದೀನಿ, ಕಾಣಲ್ವಾ?” ಎಂದು ತೋಳಪ್ಪ ಮೈಕಿನಲ್ಲೇ ಜಗಳಕ್ಕೆ ನಿಂತ.

ಇದು ಆರು ಸಲ ನಡೆಯಿತು. ಏಳನೇ ಸಲಕ್ಕೆ ಮೇಡಂ ಹೆಡ್‌ಫೋನ್ ಕಿತ್ತೆಸೆದು ಒಳಗೆ ಬಂದರು. “ಏನಾಗಿದೆ ನಿಮಗೆ ಇವತ್ತು? ತೋಳ ಎಲ್ಲಾದ್ರೂ ಮರಿನ ಮನೆಗೆ ಬಿಡುತ್ತಾ?”

“ಬೆಂಕಿ ಹಚ್ಚುತ್ತಾ ಮತ್ತೆ?” ಎಂದ ತೋಳಪ್ಪ. “ಹದಿನೇಳು ವರ್ಷ ಬಾಯಿ ಮುಚ್ಕೊಂಡಿದ್ದೆ ಮೇಡಂ. ಕುರಿ ತಿನ್ನೋದು ಹಸಿವಿಗೆ, ಇಲ್ಲ ಅನ್ನಲ್ಲ. ಆದರೆ ಅದರ ಮನೆ ಮಠ, ಹೆಂಡ್ತಿ ಮಕ್ಕಳ ಮೇಲಿನ ಪ್ರೀತಿ, ಅದನ್ನ ಯಾವ ಕತೇಲಿ ಹೇಳಿದ್ದೀವಿ? ಸಿನಿಮಾದೋರೂ ಹೇಳಲಿಲ್ಲ, ನಾವೂ ಹೇಳಲಿಲ್ಲ.” ಪುಸ್ತಕ ತೆರೆದು ಜೋರಾಗಿ ಓದಿದ. ಹೊಟ್ಟೆಯಲ್ಲಿ ಊಟ ಹೊತ್ತು ತರುವ ಸಾಲಿಗೆ ಬಂದಾಗ ಅವನ ದನಿ ನಿಜವಾಗಿಯೂ ಒಡೆಯಿತು. ಕುರಿಮರಿ ಅಕ್ಕನ ಸ್ವೆಟರಿನ ಒಂದು ಕುಣಿಕೆ ತಪ್ಪಿತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೊಟ್ಟೆಕಿಚ್ಚು ನಿಲ್ಲಲು ಬಿಡುತ್ತದೆಯೇ?

“ಈಗ ನಿಮ್ಮ ಸಿಂಹರಾಜನ್ನ ಕೇಳಿ! ದಿನಕ್ಕೆ ಇಪ್ಪತ್ತು ಗಂಟೆ ಬಿದ್ಕೊಂಡಿರುತ್ತೆ. ಬೇಟೆ ಹೆಚ್ಚಾಗಿ ಹೆಣ್ಣು ಸಿಂಹಗಳದು, ಮೊದಲ ಪಾಲು ಇದರದು. ಹೊಸ ಗುಂಪಿಗೆ ಯಜಮಾನ ಆದ್ರೆ ಅಲ್ಲಿರೋ ಮರಿಗಳನ್ನೇ ಕೊಂದು ಹಾಕುತ್ತೆ. ಪುಟ ಇನ್ನೂರ ಹನ್ನೆರಡು! ಸೋಮಾರಿ, ಕೂತು ತಿನ್ನೋ ಜಾತಿ, ಕಂಡೋರ ಮನೆ ಸೇರ್ಕೊಂಡು...”

ಎಲ್ಲರೂ ಭಾಮೈದನ ಕಡೆ ನೋಡಿದರು. ಅವನು ನಿದ್ದೆಗಣ್ಣಿನಲ್ಲಿ ನಕ್ಕ.

ಆಗಲೇ ಬಾಗಿಲಲ್ಲಿ ನಿರ್ಮಾಪಕರು ನಿಂತಿರುವುದು ಕಂಡಿತು. ಯಾವಾಗ ಬಂದರೋ ಯಾರಿಗೂ ಗೊತ್ತಿಲ್ಲ. ತೋಳಪ್ಪ ಪುಸ್ತಕ ಮುಚ್ಚಿದ. ಕೆಲಸ ಹೋಯಿತು ಎಂದುಕೊಂಡ.

“ಹೊಸದಾಗಿದೆಯಲ್ರೀ!” ಎಂದರು ನಿರ್ಮಾಪಕರು. “ಸಿಂಹ ರಾಜ, ತೋಳ ಕಳ್ಳ. ಅದೇ ಸವಕಲು ಕತೆ ನೋಡಿ ನೋಡಿ ನನ್ನ ಮೊಮ್ಮಕ್ಕಳೇ ಟೀವಿ ಆರಿಸ್ತಾರೆ. ಮೇಡಂ, ಕತೆ ತಿರುಗಿಸಿ ಬರೀರಿ. ಈ ಸಲ ತೋಳವೇ ನಾಯಕ. ನಾಲ್ಕು ಗಂಟೆಗೆ ರೆಕಾರ್ಡಿಂಗ್.”

ತೋಳಪ್ಪನ ಕಾಲು ನೆಲದ ಮೇಲಿರಲಿಲ್ಲ. ಊಟದ ಹೊತ್ತಿನಲ್ಲಿ ಭಾಮೈದನ ಎದುರು ಕೂತು, “ಬಂಡೆಯಿಂದ ಬೀಳೋದು ಹೇಗೆ ಅಂತ ಹೇಳಿಕೊಡ್ತೀನಿ ಬಾರೋ. ಬೀಳ್ತಾ ಬೀಳ್ತಾ ದನಿ ಸಣ್ಣ ಮಾಡ್ಕೋಬೇಕು,” ಎಂದ. “ಹ್ಞೂಂ ಭಾವ,” ಎಂದು ಭಾಮೈದ ಅವನ ಡಬ್ಬಿಯಲ್ಲಿ ಉಳಿದಿದ್ದನ್ನೂ ತಿಂದ. ಅವತ್ತು ಅದಕ್ಕೂ ತೋಳಪ್ಪನಿಗೆ ಸಿಟ್ಟು ಬರಲಿಲ್ಲ.

ಶಾಲೆ ಬಿಡುವ ಹೊತ್ತು ನೋಡಿಕೊಂಡು ಮನೆಗೆ ಫೋನ್ ಮಾಡಿದ. “ಆ ಚೀಟಿ ಅಳಿಸು! ಪೆನ್ನಲ್ಲಿ ಬರಿ, ಅಪ್ಪ ಅಂತ. ನಾನೀಗ ನಾಯಕ ಕಣೇ!”

ಹೆಂಡತಿ ಫೋನನ್ನು ಮಗಳಿಗೆ ಕೊಟ್ಟಳು. ತೋಳದ ನಿಜವಾದ ಕತೆಯನ್ನು ತೋಳಪ್ಪ ಒಂದೇ ಉಸಿರಿನಲ್ಲಿ ಹೇಳಿದ.

“ಹಾಗಾದ್ರೆ ನೀನಿನ್ನು ಮರಿ ತಿನ್ನಲ್ವಾ ಅಪ್ಪ?”

“ಒಂದೂ ತಿನ್ನಲ್ಲ ಪುಟ್ಟಿ.”

“ಪ್ರಾಮಿಸ್?”

“ಪ್ರಾಮಿಸ್.”

“ಸರಿ, ನೀನೇ ಬಾ,” ಎಂದಳು ಮಗಳು. ತೋಳಪ್ಪ ನೀರಿನ ಫಿಲ್ಟರಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತು ಕಣ್ಣೊರೆಸಿಕೊಂಡ.

ನಾಲ್ಕು ಗಂಟೆಗೆ ಹೊಸ ಹಾಳೆಗಳು ಬಂದವು. ತೋಳಪ್ಪ ತನ್ನದನ್ನು ಬಿಡಿಸಿದ. ಮೊದಲ ಸಾಲು: ‘ಹಹ್ಹಹ್ಹಾ! ಈ ಕಾಡಿನ ಮರಿಗಳೆಲ್ಲ ನನ್ನ ತುತ್ತು!’

“ಮೇಡಂ, ಹಾಳೆ ಅದಲು ಬದಲಾಗಿದೆ.”

“ಇಲ್ವಲ್ಲ, ಸರಿಯಾಗೇ ಇದೆ,” ಎಂದರು ಮೇಡಂ. “ನಮ್ಮಲ್ಲಿ ನಾಯಕನ ದನಿ ಯಾವತ್ತೂ ನಿಮ್ಮ ಭಾಮೈದಂದು ತಾನೇ? ತೋಳ ನಾಯಕ ಆದ ಮೇಲೆ ತೋಳ ಅವರೇ.”

“ಮತ್ತೆ ನಾನು?”

“ಖಳನಾಯಕ ಬೇಡ್ವಾ? ಸಿಂಹ! ಬಿದ್ಕೊಂಡಿರುತ್ತೆ, ಕೂತು ತಿನ್ನುತ್ತೆ, ಮರಿ ಕೊಲ್ಲುತ್ತೆ. ನನಗೆಲ್ಲಿ ಗೊತ್ತಿತ್ತು ಇದೆಲ್ಲ? ನೀವೇ ಹೇಳಿದ್ದು, ಪುಟದ ಸಮೇತ.”

ನಿರ್ಮಾಪಕರು ಅವನ ಬೆನ್ನು ತಟ್ಟಿದರು. “ಎಷ್ಟು ವರ್ಷದಿಂದ ಸಿಂಹ ಮಾಡಬೇಕು ಅಂತ ಆಸೆ ಇತ್ತಂತಲ್ಲ ನಿಮಗೆ? ತಗೊಳ್ಳಿ, ಮಾಡಿ!”

“ಭಯ ಪಡಬೇಡಮ್ಮ. ದಾರಿ ತಪ್ಪಿದ್ಯಾ?” ಎಂದ ಭಾಮೈದ ಮೈಕಿನ ಮುಂದೆ, ಬೆಣ್ಣೆಯಂಥ ದನಿಯಲ್ಲಿ. ಬೆಳಿಗ್ಗೆ ತೋಳಪ್ಪ ಆಡಿದ್ದ ಮಾತುಗಳೇ. ಮೇಡಂ ಒಂದಕ್ಷರ ಬಿಡದೆ ಬರೆದುಕೊಂಡಿದ್ದರು. ಕುರಿಮರಿ ಅಕ್ಕ ಹೆಣಿಗೆ ಕೆಳಗಿಟ್ಟು ಕಣ್ಣಿಗೆ ಸೆರಗು ಒತ್ತಿಕೊಂಡರು. ಒಂದೇ ಸಲಕ್ಕೆ ಓಕೆ ಆಗಿ ಭಾಮೈದ ಐದು ಗಂಟೆಗೆ ಮನೆಗೆ ಹೊರಟ. ತೋಳಪ್ಪನ ಗರ್ಜನೆಯ ಕೊನೆಗೆ ಮಾತ್ರ ಪ್ರತಿ ಸಲವೂ ತೋಳದ ಊಳು ಬಾಲದಂತೆ ಅಂಟಿಕೊಂಡು ಬರುತ್ತಿತ್ತು. ಅದನ್ನು ಕತ್ತರಿಸಲು ಹನ್ನೊಂದು ಟೇಕ್ ಬೇಕಾದವು. ಆರೂವರೆಯೊಳಗೆ ಅವನು ಮೂರು ಮರಿ ತಿಂದು ಮುಗಿಸಿದ್ದ.

ಅವನಿಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ಮೆಟ್ಟಿಲ ತುದಿಯಲ್ಲಿ ಮಗಳು ಚೀಟಿ, ಪೆನ್ನು ಹಿಡಿದು ಕಾಯುತ್ತ ಕೂತಿದ್ದಳು. ಪೆನ್ಸಿಲಿನ ‘ಸಿಂಹದ ಮಾವ’ ಅಳಿಸಿದ ಗುರುತಿನ ಮೇಲೆ ನೀಲಿ ಶಾಯಿಯಲ್ಲಿ ‘ಅಪ್ಪ’ ಎಂದಿತ್ತು.

“ಮಾವ ಹೇಳಿದ, ನೀನೀಗ ಸಿಂಹ ಅಂತೆ. ಮರಿ ತಿಂದ್ಯಾ ಅಪ್ಪ?”

ಸುಳ್ಳು ಹೇಳಬೇಕೆಂದು ತೋಳಪ್ಪನಿಗೆ ಬಹಳ ಅನಿಸಿತು.

“ಮೂರು,” ಎಂದ.

ಮಗಳು ಅಳಲಿಲ್ಲ, ಬೈಯಲಿಲ್ಲ. ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ‘ಅಪ್ಪ’ನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನಿಧಾನವಾಗಿ ಬರೆದಳು: ತೋಳದ ಮಾವ. ಎದ್ದು ಒಳಗೆ ಹೋದಳು.

ಕೆಳಗಿನಿಂದ ಅಜ್ಜಿಯ ದನಿ ಬಂತು. “ಬಂದ್ಯಾ ತೋಳಪ್ಪ? ತೋಳ ಒಳ್ಳೇದಂತೆ ಕಣೋ, ನಿನ್ನ ಭಾಮೈದ ಈಗ ತಾನೇ ಎಲ್ಲ ಹೇಳಿ ಹೋದ. ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ! ಇನ್ಮೇಲೆ ಗುರ್ ಬೇಡಪ್ಪ. ಎಲ್ಲಿ, ಒಂದ್ಸಲ ಸಿಂಹದ ಥರ ಗರ್ಜಿಸು, ಇವಳು ಬಾಯೇ ಬಿಡ್ತಿಲ್ಲ.”

ತೋಳಪ್ಪ ಮೆಟ್ಟಿಲ ಕಟಕಟೆ ಹಿಡಿದು ನಿಂತ. ಹದಿನೇಳು ವರ್ಷದ ಆಸೆಯನ್ನೆಲ್ಲ ಒಟ್ಟುಗೂಡಿಸಿ ಗರ್ಜಿಸಿದ. ಈ ಸಲ ಕೊನೆಗೆ ಊಳು ಬರಲೇ ಇಲ್ಲ. ಅಷ್ಟು ಚೆನ್ನಾದ ಗರ್ಜನೆಯನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಕೆಳಗೆ ಮಗು ಬಾಯಿ ತೆರೆಯಿತು. ಮೇಲೆ ಅವನ ಮನೆಯ ಬಾಗಿಲಿಗೆ ಒಳಗಿನಿಂದ ಯಾರೋ ಮೆತ್ತಗೆ ಚಿಲಕ ಹಾಕಿಕೊಂಡರು.